ಇಳಿತದ ಹಂತದಲ್ಲಿ ಎತ್ತರ ತಪ್ಪದಂತೆ ವಿಮಾನ ನಡೆಸುವ ಕ್ರಮ

ವಾಯುಸಂಚಾರ ನಿಯಂತ್ರಕರಿಂದ ಕೆಳಗಿನ ಎತ್ತರಕ್ಕೆ ಇಳಿಯಲು ಅನುಮತಿ ಬಂದ ಕೂಡಲೇ ಅದನ್ನು ಇಬ್ಬರೂ ಪೈಲಟ್‌ಗಳು ಒಂದೇ ರೀತಿ ಕೇಳಿಸಿಕೊಂಡಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗದ್ದಲದ ಫ್ರೀಕ್ವೆನ್ಸಿಯಲ್ಲಿ ‘ಒನ್ ಝೀರೊ ಥೌಸಂಡ್’ ಮತ್ತು ‘ಒನ್ ಒನ್ ಥೌಸಂಡ್’ ಹೆಚ್ಚುಕಡಿಮೆ ಒಂದೇ ಆಗಿ ಕೇಳಿಸುತ್ತವೆ. ಹತ್ತು ಸಾವಿರವನ್ನೇ ಎದುರುನೋಡುತ್ತಿರುವ ಕಿವಿಗಂತೂ ಹನ್ನೊಂದೂ ಹತ್ತಾಗಿಯೇ ಬೀಳುತ್ತದೆ. ಆದ್ದರಿಂದ ಒಬ್ಬರು ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನವನ್ನು ಗುರುತಿಸುವ ಹೆಸರು) ಸಹಿತ ಪೂರ್ತಿಯಾಗಿ ರೀಡ್‌ಬ್ಯಾಕ್ ಕೊಡಬೇಕು, ಅಂದರೆ ಕೇಳಿದ್ದನ್ನು ನಿಯಂತ್ರಕರಿಗೆ ಮರಳಿ ಹೇಳಬೇಕು; ಆಟೋಪೈಲಟ್ ಫಲಕದಲ್ಲಿ ಆಯ್ದ ಎತ್ತರವನ್ನು ಇಬ್ಬರೂ ಬೆರಳು ತೋರಿಸಿ ಗಟ್ಟಿಯಾಗಿ ಓದಬೇಕು. ಒಬ್ಬರಿಗೆ ಅನುಮಾನ ಬಂದರೂ ನಿಯಂತ್ರಕರನ್ನೇ ಮತ್ತೆ ಕೇಳಬೇಕೇ ಹೊರತು ಕಾಕ್‌ಪಿಟ್‌ನೊಳಗೆ ಚರ್ಚಿಸಿ ತೀರ್ಮಾನಕ್ಕೆ ಬರಬಾರದು. ರೀಡ್‌ಬ್ಯಾಕ್‌ಗೆ ನಿಯಂತ್ರಕರು ಸುಮ್ಮನಿದ್ದರೆಂದರೆ ಅದು ಸರಿಯಾಗಿತ್ತು ಎಂದೇನೂ ಅಲ್ಲ.

ಎರಡನೆಯ ಎಚ್ಚರಿಕೆ ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಆಲ್ಟಿಮೀಟರ್‌ನದು. ಮೇಲಿನ ಫ್ಲೈಟ್ ಲೆವೆಲ್‌ಗಳಲ್ಲಿ, ಅಂದರೆ ಹೆಚ್ಚಿನ ಎತ್ತರಗಳಲ್ಲಿ, ಪ್ರಮಾಣಿತ ಒತ್ತಡವಾದ 1013 ಹೆಕ್ಟೋಪಾಸ್ಕಲ್‌ಗೆ ಇಟ್ಟಿರುವ ಉಪಕರಣವನ್ನು ಟ್ರಾನ್ಸಿಷನ್ ಲೆವೆಲ್ (ಈ ಬದಲಾವಣೆಗೆ ಗೊತ್ತುಪಡಿಸಿದ ಮಟ್ಟ) ಬಳಿ ಸ್ಥಳೀಯ ಕ್ಯೂಎನ್‌ಎಚ್‌ಗೆ (ಸಮುದ್ರಮಟ್ಟಕ್ಕೆ ಲೆಕ್ಕಹಾಕಿದ ಅಲ್ಲಿನ ಒತ್ತಡ) ಬದಲಿಸಬೇಕು. ಈ ಮಟ್ಟ ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಬ್ರೀಫಿಂಗ್‌ನಲ್ಲೇ ಅದನ್ನು ಹೇಳಿಕೊಂಡಿರುವುದು ಒಳ್ಳೆಯದು. ಅಮೆರಿಕ, ಜಪಾನ್‌ಗಳಲ್ಲಿ ಒತ್ತಡವನ್ನು ಪಾದರಸದ ಇಂಚುಗಳಲ್ಲಿ ಹೇಳುತ್ತಾರೆ. ಅಲ್ಲಿ ಹಾರಿ ರೂಢಿಯಾದ ಸಿಬ್ಬಂದಿಗೆ ಬೇರೆ ದೇಶದ ನಿಯಂತ್ರಕರು ‘ನೈನರ್ ನೈನರ್ ಟೂ’ ಎಂದರೆ, 992 ಹೆಕ್ಟೋಪಾಸ್ಕಲ್ ಬದಲು 29.92 ಇಂಚು (ಅಂದರೆ 1013 ಹೆಕ್ಟೋಪಾಸ್ಕಲ್) ಇಟ್ಟುಬಿಡುವ ಅಪಾಯವಿದೆ. ಸಮುದ್ರಮಟ್ಟದ ಸಮೀಪದಲ್ಲಿ ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ; 21 ಹೆಕ್ಟೋಪಾಸ್ಕಲ್ ತಪ್ಪಿದರೆ ವಿಮಾನ ಆಲ್ಟಿಮೀಟರ್ ತೋರಿಸುವ ಎತ್ತರಕ್ಕಿಂತ ಸುಮಾರು 600 ಅಡಿ ಕೆಳಗಿರುತ್ತದೆ, ಮತ್ತು ಎರಡೂ ಆಲ್ಟಿಮೀಟರ್‌ಗಳನ್ನು ಅದೇ ತಪ್ಪಿಗೆ ಇಟ್ಟಿದ್ದರೆ ಅವುಗಳನ್ನು ಪರಸ್ಪರ ಹೋಲಿಸಿ ನೋಡುವುದರಿಂದ ಪ್ರಯೋಜನವಿಲ್ಲ. ಹೀಗಾಗಿ ಅಂಕಿಯ ಜೊತೆ ಮಾನವನ್ನೂ ಉಚ್ಚರಿಸುವ ಅಭ್ಯಾಸ ಬೇಕು.

ಇಳಿತದ ಲೆಕ್ಕ ಸರಳ: ಕಳೆಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ, ವೇಗ ತಗ್ಗಿಸಲು ಇನ್ನಷ್ಟು, ಹಿಂಗಾಳಿ ಇದ್ದರೆ ಇನ್ನೂ ಮೊದಲೇ ಇಳಿಯತೊಡಗಬೇಕು. ನಕ್ಷೆಯಲ್ಲಿ ಒಂದು ಬಿಂದುವನ್ನು ಇಂತಿಷ್ಟು ಎತ್ತರದಲ್ಲಿ ದಾಟಬೇಕೆಂಬ ನಿರ್ಬಂಧ ಇದ್ದಾಗ, ಆಟೋಪೈಲಟ್ ಯಾವ ಮೋಡ್‌ನಲ್ಲಿದೆ ಎಂಬುದು ನಿರ್ಣಾಯಕವಾಗುತ್ತದೆ. ಏರ್‌ಬಸ್‌ನ ಓಪನ್ ಡಿಸೆಂಟ್ ಮೋಡ್‌ನಲ್ಲಾಗಲಿ, ಇಳಿಯುವ ವೇಗವನ್ನು ಪೈಲಟ್ ಆಯ್ದುಕೊಡುವ ವರ್ಟಿಕಲ್ ಸ್ಪೀಡ್ ಮೋಡ್‌ನಲ್ಲಾಗಲಿ, ಕಂಪ್ಯೂಟರ್‌ನಲ್ಲಿ ತುಂಬಿದ ನಿರ್ಬಂಧಗಳನ್ನು ವಿಮಾನ ಪಾಲಿಸುವುದಿಲ್ಲ. ಆಯ್ದ ಎತ್ತರದವರೆಗೆ ನೇರವಾಗಿ ಇಳಿದುಬಿಡುತ್ತದೆ. ಕೊನೆ ಗಳಿಗೆಯಲ್ಲಿ ರನ್‌ವೇ ಬದಲಾದಾಗ ಹೊಸದಾಗಿ ತುಂಬಿದ ಮಾರ್ಗವನ್ನು ನಕ್ಷೆಯೊಂದಿಗೆ ಒಂದೊಂದೇ ಬಿಂದುವಾಗಿ ಹೋಲಿಸಬೇಕು. ಮೋಡ್ ಎಂಬುದು ಸಣ್ಣ ಸಂಗತಿಯಲ್ಲ: 1992ರ ಜನವರಿ 20ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಬಳಿ ಏರ್‌ಬಸ್ ಎ320 ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 87 ಮಂದಿ ಸತ್ತಾಗ, 3.3 ಡಿಗ್ರಿ ಕೋನಕ್ಕೆ ಬದಲಾಗಿ ನಿಮಿಷಕ್ಕೆ 3,300 ಅಡಿ ಇಳಿತ ಆಯ್ಕೆಯಾಗಿದ್ದ ಸಾಧ್ಯತೆಗೆ ತನಿಖೆಯಲ್ಲಿ ಹೆಚ್ಚಿನ ಮಹತ್ವ ಸಿಕ್ಕಿತು.

ಗುರಿಯ ಎತ್ತರಕ್ಕೆ ಸಾವಿರ ಅಡಿ ಉಳಿದಾಗ ಅದನ್ನು ಗಟ್ಟಿಯಾಗಿ ಹೇಳಿ, ಇಳಿತದ ವೇಗವನ್ನು ನಿಮಿಷಕ್ಕೆ 1,500 ಅಡಿಯೊಳಗೆ ತರಬೇಕು; ಇದರಿಂದ ಮಟ್ಟ ಮೀರುವುದೂ ತಪ್ಪುತ್ತದೆ, ಬೇರೆ ವಿಮಾನಕ್ಕೆ ಡಿಕ್ಕಿಯಾಗದಂತೆ ಎಚ್ಚರಿಸುವ ಟಿಕ್ಯಾಸ್ ಉಪಕರಣದ ಅನಗತ್ಯ ಎಚ್ಚರಿಕೆಗಳೂ ಕಡಿಮೆಯಾಗುತ್ತವೆ. ಕಂಪನಿಯ ಜೊತೆ ರೇಡಿಯೊ ಮಾತು, ಕಾಗದಪತ್ರ ಎಲ್ಲವನ್ನೂ ಅಲ್ಲಿಯವರೆಗೆ ಬದಿಗಿಡಬೇಕು.

ಇಷ್ಟಾಗಿಯೂ ಎತ್ತರ ತಪ್ಪಿದರೆ ತಕ್ಷಣ ಸರಿಪಡಿಸಿಕೊಂಡು ನಿಯಂತ್ರಕರಿಗೆ ತಿಳಿಸಬೇಕು. ಟಿಕ್ಯಾಸ್ ಆದೇಶವೇ ಬಂದಿದ್ದರೆ ಮೊದಲು ಅದನ್ನು ಪಾಲಿಸಬೇಕು. ನಂತರ ವರದಿ ಬರೆಯಬೇಕು. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ಗೋಪ್ಯ ವ್ಯವಸ್ಥೆಗೆ 10 ದಿನಗಳೊಳಗೆ ವರದಿ ಕಳಿಸಿದವರಿಗೆ, ತಪ್ಪು ಉದ್ದೇಶಪೂರ್ವಕವಲ್ಲದಿದ್ದರೆ ಮತ್ತು ಇತರ ಷರತ್ತುಗಳು ಪೂರೈಸಿದ್ದರೆ, ದಂಡನೆಯಿಂದ ವಿನಾಯಿತಿ ಸಿಗುತ್ತದೆ.