ಲಾಗಿನ್ ಟೂಲ್ ಕೊಳ್ಳುವ ಮೊದಲು

ಪೀಣ್ಯ, ಕೋರಮಂಗಲ ಕಡೆ ಸಣ್ಣ ಕಂಪನಿ ನಡೆಸುವವರಿಗೆ ಒಂದು ಸಲಹೆ. ಸಿಬ್ಬಂದಿಯ ಲಾಗಿನ್ ನೋಡಿಕೊಳ್ಳುವ ಟೂಲ್ ಓಕ್ಟಾನೋ, ಮೈಕ್ರೋಸಾಫ್ಟ್ ಎಂಟ್ರಾನೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಈಗಾಗಲೇ ದುಡ್ಡು ಕಟ್ಟುತ್ತಿರುವುದರಲ್ಲಿ ಏನೇನಿದೆ ನೋಡಿ. ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂನಲ್ಲಿ ಎಂಟ್ರಾ ಪಿ1 (ಎಂಟ್ರಾದ ದುಡ್ಡು ಕಟ್ಟುವ ಪ್ಲಾನ್) ಸೇರಿಯೇ ಇದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲೂ ಎರಡು ಹಂತದ ಲಾಗಿನ್ ಎಲ್ಲರಿಗೂ ಕಡ್ಡಾಯ ಮಾಡಬಹುದು. ಸುಮ್ನೆ ಇನ್ನೊಂದು ಬಿಲ್ ಯಾಕೆ, ಅಲ್ವಾ?

ಬೇರೆ ಬೇರೆ ಕಂಪನಿಗಳ ಆ್ಯಪ್ ಜಾಸ್ತಿ ಇದ್ದರೆ ಓಕ್ಟಾ ಲೆಕ್ಕಕ್ಕೆ ಬರುತ್ತದೆ. ಆದರೆ ನಿಮ್ಮ ಸಿಆರ್‌ಎಂ (ಗ್ರಾಹಕರ ವಿವರ ಇಡುವ ಆ್ಯಪ್), ಪೇರೋಲ್ ಆ್ಯಪ್‌ಗಳು ಯಾವ ಪ್ಲಾನ್‌ನಲ್ಲಿ ಎಸ್‌ಎಸ್‌ಒ (ಒಂದೇ ಲಾಗಿನ್‌ನಲ್ಲಿ ಎಲ್ಲ ಆ್ಯಪ್ ತೆರೆಯುವ ಸೌಲಭ್ಯ) ಕೊಡುತ್ತವೆ ಎಂದು ಮೊದಲೇ ಕೇಳಿ. ಬಹಳ ಕಡೆ ಅದು ದುಬಾರಿ ಪ್ಲಾನ್‌ಗೆ ಮಾತ್ರ. ಅಸಲಿ ಖರ್ಚು ಕೂತಿರುವುದೇ ಅಲ್ಲಿ.

ಎಸ್‌ಎಂಎಸ್ ಓಟಿಪಿಯನ್ನೇ ನೆಚ್ಚಬೇಡಿ, ಸಿಮ್ ಸ್ವಾಪ್ ಮಾಡಿ (ನಿಮ್ಮ ನಂಬರಿಗೆ ತಾವೇ ಹೊಸ ಸಿಮ್ ಪಡೆದು) ಕದಿಯುತ್ತಾರೆ. ಅಡ್ಮಿನ್ ಅಕೌಂಟಿಗಾದರೂ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್) ಅಥವಾ ಯುಎಸ್‌ಬಿ ಕೀ (ಲಾಗಿನ್ ಮಾಡಲು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ಇರಲಿ. ನಕಲಿ ಲಾಗಿನ್ ಪುಟದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಕೀ ಎರಡು ತಗೊಳ್ಳಿ, ಒಂದು ಬೀರುವಿನಲ್ಲಿರಲಿ.