ಚಂದಾ ಕಟ್ಟಿ ಬಳಸುವ ಕಾನೂನು ಡೇಟಾಬೇಸ್: ಹಣ, ಸಮಯ ಉಳಿಸಿ ಹುಡುಕುವುದು ಹೇಗೆ?

ಎಸ್‌ಸಿಸಿ ಆನ್‌ಲೈನ್, ಮನುಪಾತ್ರದಂತಹ, ಕೋರ್ಟ್ ತೀರ್ಪುಗಳನ್ನು ಹುಡುಕುವ ಡೇಟಾಬೇಸ್‌ಗಳಿಗೆ ವರ್ಷದ ಚಂದಾ ಕಟ್ಟಿಯೂ ‘ಚೆಕ್ ಬೌನ್ಸ್’ ಎಂದಷ್ಟೇ ಟೈಪಿಸಿ, ಮೊದಲು ಕಂಡ ತೀರ್ಪುಗಳನ್ನು ಪ್ರಿಂಟ್ ತೆಗೆದು ಕೋರ್ಟ್ ಹಾಲ್‌ಗೆ ಓಡುವ ಕಿರಿಯ ವಕೀಲರನ್ನು ಆಗಾಗ ಕಾಣುತ್ತೇನೆ. ಹೋಗುವುದು ಚಂದಾ ಹಣವಷ್ಟೇ ಅಲ್ಲ, ಕಕ್ಷಿದಾರನ ಪ್ರಕರಣವೂ ಹೋಗಬಹುದು.

ಚಂದಾ ಕಟ್ಟುವ ಮೊದಲು ನಿಮ್ಮ ವಕೀಲರ ಸಂಘದ ಗ್ರಂಥಾಲಯದಲ್ಲಿ ಯಾವುದಕ್ಕೆ ಚಂದಾ ಇದೆಯೆಂದು ವಿಚಾರಿಸಿ. ಸ್ವಂತಕ್ಕೆ ಬೇಕೇಬೇಕೆಂದಾದರೆ ಸುಪ್ರೀಂ ಕೋರ್ಟ್ ಮತ್ತು ಕರ್ನಾಟಕ ಹೈಕೋರ್ಟ್ ಭಾಗಗಳನ್ನಷ್ಟೇ ಕೇಳಿ. ಎಲ್ಲವನ್ನೂ ಸೇರಿಸಿದ ದೊಡ್ಡ ಪ್ಯಾಕೇಜನ್ನು ಜಿಲ್ಲಾ ನ್ಯಾಯಾಲಯದ ವಕೀಲರು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ತೀರ್ಪಿನ ಪೂರ್ಣಪಾಠಕ್ಕೆ ದುಡ್ಡು ಕೊಡಬೇಡಿ. ಸುಪ್ರೀಂ ಕೋರ್ಟಿನ ವರದಿತ ತೀರ್ಪುಗಳು 2023ರ ಜನವರಿಯಿಂದ ಆ ಕೋರ್ಟಿನದೇ ಜಾಲತಾಣವಾದ ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತಿವೆ, ಕೇಂದ್ರದ ಕಾಯ್ದೆಗಳು ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿವೆ, ಆರಂಭಿಕ ಹುಡುಕಾಟಕ್ಕೆ ಇಂಡಿಯನ್ ಕಾನೂನ್ ಎಂಬ ಉಚಿತ ಜಾಲತಾಣ ಸಾಕು.

ಲಾಗಿನ್ ಆಗುವ ಮೊದಲು ಪ್ರಶ್ನೆಯನ್ನು ಹಾಳೆಯ ಮೇಲೆ ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಸೆಕ್ಷನ್ ಸಂಖ್ಯೆಯನ್ನು ಕಾಯ್ದೆಯ ಹೆಸರಿಲ್ಲದೆ ಹಾಕಲೇಬೇಡಿ: ಸಿಆರ್‌ಪಿಸಿಯಲ್ಲಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅದೇ 482 ನಿರೀಕ್ಷಣಾ ಜಾಮೀನು. ನಿರೀಕ್ಷಣಾ ಜಾಮೀನಿನ ಹಳೆಯ ತೀರ್ಪುಗಳು ಬೇಕಿದ್ದರೆ ಸಿಆರ್‌ಪಿಸಿ 438 ಎಂದು ಪ್ರತ್ಯೇಕವಾಗಿ ಹುಡುಕಬೇಕು.

ಇನ್ನು ಹೆಚ್ಚಿನವರು ಎಡವುವ ಹಂತ. ಸಿಕ್ಕ ತೀರ್ಪು ಇಂದಿಗೂ ಊರ್ಜಿತದಲ್ಲಿದೆಯೇ ಎಂಬುದನ್ನು ನೋಡಬೇಕು; ಚಂದಾ ಹಣ ಸಾರ್ಥಕವಾಗುವುದು ಮುಖ್ಯವಾಗಿ ಇಲ್ಲಿಯೇ. ಚೆಕ್ ಪ್ರಕರಣಗಳಲ್ಲಿ ಆರೋಪಿಯ ಪರ ವಕೀಲರು (2008) 4 ಎಸ್‌ಸಿಸಿ 54 (‘ಸುಪ್ರೀಂ ಕೋರ್ಟ್ ಕೇಸಸ್’ ವರದಿಯ 2008ರ 4ನೇ ಸಂಪುಟ, 54ನೇ ಪುಟ) ತೀರ್ಪನ್ನು ಉತ್ಸಾಹದಿಂದ ಹಾಜರುಪಡಿಸುತ್ತಾರೆ: ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 139ರ ಪೂರ್ವಭಾವನೆ (ಚೆಕ್ ಕೊಟ್ಟದ್ದು ಸಾಲ ತೀರಿಸಲೆಂದೇ ಎಂದು, ಬೇರೆ ಸಾಬೀತಾಗುವವರೆಗೆ, ಕೋರ್ಟ್ ಭಾವಿಸುವುದು) ಸಾಲದ ಅಸ್ತಿತ್ವಕ್ಕೆ ಅನ್ವಯಿಸದು ಎಂದು ಅದರಲ್ಲಿದೆ. ಅದನ್ನು ತೆರೆದು, ‘ಇದನ್ನು ಉಲ್ಲೇಖಿಸಿದ ತೀರ್ಪುಗಳು’ ಎಂಬ ಪಟ್ಟಿಗೆ ಹೋಗಿ, ದೊಡ್ಡ ಪೀಠದ ತೀರ್ಪುಗಳನ್ನು ಮೊದಲು ನೋಡಿ. ಆಗ (2010) 11 ಎಸ್‌ಸಿಸಿ 441 ಕಾಣುತ್ತದೆ. ಪೂರ್ವಭಾವನೆಯಲ್ಲಿ ಸಾಲದ ಅಸ್ತಿತ್ವವೂ ಸೇರುತ್ತದೆ, ಆದರೆ ಆರೋಪಿ ಅದನ್ನು ಅಲ್ಲಗಳೆಯಬಹುದು ಎಂದು ತ್ರಿಸದಸ್ಯ ಪೀಠ ಹೇಳಿದೆ. ತೀರ್ಪು ಊರ್ಜಿತದಲ್ಲಿಲ್ಲ ಎಂದು ಡೇಟಾಬೇಸ್ ತೋರಿಸುವ ಕೆಂಪು ಗುರುತು ಕಂಡ ಕೂಡಲೇ ಹಳೆಯದನ್ನು ಪೂರ್ತಿ ಬಿಸಾಡುವುದೂ ತಪ್ಪು. ಆ ಅಭಿಪ್ರಾಯ ಸರಿಯಲ್ಲದಿರಬಹುದು ಎಂದ ಪೀಠವೇ, ಅಲ್ಲಿನ ಸಂಗತಿಗಳ ಮಟ್ಟಿಗೆ ಆ ತೀರ್ಮಾನವನ್ನು ಶಂಕಿಸುತ್ತಿಲ್ಲ ಎಂದೂ ಸ್ಪಷ್ಟಪಡಿಸಿದೆ. ಇದು ಹೆಡ್‌ನೋಟ್ (ತೀರ್ಪಿನ ಮೇಲಿನ ಸಾರಾಂಶ) ಓದಿದರೆ ತಿಳಿಯದು, ಪ್ಯಾರಾವನ್ನೇ ಓದಬೇಕು.

ಪ್ರಶ್ನೆ ಕೇಳಿದರೆ ಸೈಟೇಶನ್ (ತೀರ್ಪಿನ ವರ್ಷ, ಸಂಪುಟ, ಪುಟದ ಉಲ್ಲೇಖ) ಸಮೇತ ಉತ್ತರಿಸುವ ಎಐ ಸಾಧನಗಳನ್ನು ಈ ಹಂತಕ್ಕೆ ನಂಬಲೇಬೇಡಿ. ಅವು ಇಲ್ಲದ ತೀರ್ಪನ್ನೂ ನೀಟಾಗಿ ಸೃಷ್ಟಿಸಿ ಕೊಡುತ್ತವೆ.

ಕೊನೆಯದಾಗಿ, ಸೈಟೇಶನ್, ಪ್ಯಾರಾ ಸಂಖ್ಯೆ ಮತ್ತು ಪರಿಶೀಲಿಸಿದ ದಿನಾಂಕವನ್ನು ವಿಷಯವಾರು ಒಂದು ಫೈಲಿನಲ್ಲಿ ಬರೆದಿಡಿ. ಮುಂದಿನ ಬಾರಿ ಆ ದಿನಾಂಕದ ನಂತರ ಬಂದ ತೀರ್ಪುಗಳನ್ನು ಮಾತ್ರ ಹುಡುಕಿದರೆ ಸಾಕು.