ಕಾರಿನ ಅಡಿಗೊಂದು ಮುಟ್ಟಾಳೆ

ಕಾಸರಗೋಡು ಜಿಲ್ಲೆಯ ಪೆರ್ಲದ ಮುಖ್ಯರಸ್ತೆಯಿಂದ ನಮ್ಮ ಮನೆಗೆ ಇಳಿಯುವ ತೋಟದ ದಾರಿ ಮುನ್ನೂರು ಮೀಟರಿಗಿಂತ ಹೆಚ್ಚಿಲ್ಲ. ಆದರೆ ಅದರ ಅರ್ಧಭಾಗ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಹಾಸಿನ ಮೇಲೆಯೇ ಸಾಗುವುದರಿಂದ, ಪ್ರತಿ ಮಳೆಗಾಲದಲ್ಲಿ ಮೇಲಿನ ಮಣ್ಣು ಕೊಚ್ಚಿಹೋಗಿ ಚಕ್ರಗಳ ಎರಡು ಜಾಡುಗಳ ನಡುವೆ ಕಲ್ಲಿನ ದಿಣ್ಣೆಗಳು ತಲೆಯೆತ್ತುತ್ತವೆ. ಅಡಕೆ ಸಾಗಿಸುವ ಪಿಕಪ್ಪಿಗೆ ಇದು ಲೆಕ್ಕಕ್ಕಿಲ್ಲ. ನಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಫಿಯೆಟ್ ಕಂಪನಿಯ ಅಬಾರ್ತ್ ಪುಂಟೋ ಕಾರಿಗೆ ಮಾತ್ರ ದಿನವೂ ಪರೀಕ್ಷೆ. ಕಂಪನಿಯ ಲೆಕ್ಕದಂತೆ ಅದರ ಅಡಿಗೂ ನೆಲಕ್ಕೂ ಇರುವ ಅಂತರ 155 ಮಿಲಿಮೀಟರ್. ನಾಲ್ಕು ಜನ ಕುಳಿತರೆ ಅದೂ ಇಲ್ಲ. 1.4 ಲೀಟರಿನ ಟಿ-ಜೆಟ್ ಟರ್ಬೊ ಎಂಜಿನ್, 145 ಅಶ್ವಶಕ್ತಿ. ಇಂಥ ಕಾರನ್ನು ಹೈಸ್ಕೂಲಿನ ಗಣಿತ ಮಾಷ್ಟ್ರು ಏಕೆ ಕೊಂಡರು ಎಂಬ ಪ್ರಶ್ನೆಗೆ ಲೆಕ್ಕಬದ್ಧವಾದ ಉತ್ತರ ನನ್ನಲ್ಲಿ ಈಗಲೂ ಇಲ್ಲ.

ಒಂದು ದಿನ ಸಂಜೆ ದಿಣ್ಣೆಯ ಮೇಲೆ ‘ಕರ್ರ್’ ಎಂಬ ಸದ್ದು ಕೇಳಿಸಿತು. ಮರುದಿನ ಬೆಳಗ್ಗೆ ಅಡಕೆ ಒಣಗಿಸುವ ಅಂಗಳದಲ್ಲಿ, ಕಾರು ನಿಂತಿದ್ದ ಜಾಗದ ನಡುವೆ, ಎಂಟಾಣೆ ಅಗಲದ ಎಣ್ಣೆಯ ಬೊಟ್ಟು ಕಂಡಿತು. ಅದನ್ನು ಮೊದಲು ನೋಡಿದವರು ಅಮ್ಮ. “ಈ ಜಾಲಿಲ್ಲಿ ಅಡಕ್ಕೆ ಹರಗುದೋ, ನಿನ್ನ ಕಾರಿನ ಎಣ್ಣೆ ಹರಗುದೋ?” ಎಂದು ಕೇಳಿದರು. ಅಂಗಳದಲ್ಲಿ ಹರಡಬೇಕಾದದ್ದು ಅಡಕೆಯೋ ಎಣ್ಣೆಯೋ ಎಂಬುದು ಅವರ ಪ್ರಶ್ನೆ. ಮೆಕ್ಯಾನಿಕ್ ಗುಂಡಿಗೆ ಇಳಿದು ನೋಡಿ, ಎಂಜಿನ್ನಿನ ಎಣ್ಣೆ ತುಂಬಿರುವ ಚೇಂಬರಿನ ಅಡಿಯಲ್ಲಿ ಉದ್ದನೆಯ ಗೀರು ಬಿದ್ದಿದೆ, ಎಣ್ಣೆ ಇಳಿಸುವ ಬೋಲ್ಟಿನ ವಾಷರ್ ಜಖಂ ಆಗಿದೆ ಎಂದು ತಿಳಿಸಿದರು. “ಈ ಸಲ ಬಚಾವ್ ಮಾಷ್ಟ್ರೆ, ಇನ್ನೊಂದು ಪೆಟ್ಟು ಬಿದ್ದರೆ ಹೇಳಲಿಕ್ಕಾಗುವುದಿಲ್ಲ” ಎಂಬುದು ಅವರ ಮಾತು. ಅಬಾರ್ತ್ ಪುಂಟೋ ನಮ್ಮ ದೇಶಕ್ಕೆ ಬಂದದ್ದು 2015ರಲ್ಲಿ; 2019ರಲ್ಲಿ ಫಿಯೆಟ್ ಕಾರುಗಳ ಮಾರಾಟವೇ ಇಲ್ಲಿ ನಿಂತಿತು. ಬಿಡಿಭಾಗಕ್ಕಾಗಿ ಅಲೆಯಬೇಕಾದ ಇಂಥ ಕಾರಿನ ಚೇಂಬರ್ ಒಡೆದರೆ, ದುಡ್ಡಿಗಿಂತ ಕಾಯುವ ದಿನಗಳೇ ಭಾರವಾಗುತ್ತವೆ.

ನಾನು ಕೊಂಡಾಗ ಆ ಕಾರಿನ ಎಂಜಿನ್ನಿನ ಅಡಿಯಲ್ಲಿ ಯಾವ ಹೊದಿಕೆಯೂ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಎಂಜಿನ್ ಗಾರ್ಡುಗಳು ಹೆಚ್ಚು ಓಡುವ ಮಾದರಿಗಳಿಗೆ ಮಾತ್ರ. ಯಾವ ಕಾರಿಗೂ ಹೊಂದುತ್ತದೆ ಎಂದು ತೋರಿಸಿದ ಉಕ್ಕಿನ ಗಾರ್ಡನ್ನು ನಾನು ಬೇಡವೆಂದೆ. 900 ಮಿಲಿಮೀಟರ್ ಉದ್ದ, 600 ಅಗಲ, 2 ದಪ್ಪದ ಉಕ್ಕಿನ ತಗಡು ಎಂಟೂವರೆ ಕಿಲೋ ತೂಗುತ್ತದೆ; ಅದೇ ಅಳತೆಯ 3 ಮಿಲಿಮೀಟರ್ ಅಲ್ಯೂಮಿನಿಯಂ ನಾಲ್ಕೂ ಮುಕ್ಕಾಲು ಕಿಲೋಕ್ಕಿಂತ ಕಡಿಮೆ. ತೂಕಕ್ಕಿಂತಲೂ ನನ್ನನ್ನು ಹೆದರಿಸಿದ್ದು, ಆ ಗಾರ್ಡನ್ನು ಹಿಂದೆ ಎಂಜಿನ್ನಿನ ಅಡಿಯ ಚೌಕಟ್ಟಾದ ಸಬ್‌ಫ್ರೇಮಿಗೂ ಮುಂದೆ ಅಡ್ಡಪಟ್ಟಿಗೂ ಬಿಗಿದು ಎರಡನ್ನೂ ಒಂದೇ ಕಂಬದಂತೆ ಮಾಡಿಬಿಡುವ ರೀತಿ. ಡಿಕ್ಕಿಯಾದಾಗ ನಜ್ಜುಗುಜ್ಜಾಗಲೆಂದೇ ರೂಪಿಸಿದ ಮುಂಭಾಗಕ್ಕೆ ನಾವಾಗಿಯೇ ಊರುಗೋಲು ಕೊಡುವುದು ಬುದ್ಧಿವಂತಿಕೆಯಲ್ಲ.

ಕೊನೆಗೆ ಎಂಜಿನ್ನಿನ ಅಡಿಗೆ ನಾನೇ ಒಂದು ತಟ್ಟೆ ಮಾಡಿ ಹಾಕಲು ಹೊರಟೆ. ಕೆಲಸ ಆರಂಭಿಸಿದ್ದು ಅಳತೆಯ ನಕಲಿಗಾಗಿ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯಿಂದ. ಕಾರನ್ನು ಜಾಕಿಯಿಂದ ಎತ್ತಿ, ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿದ ಮೇಲೆಯೇ ಅಡಿಗೆ ಹೋದೆ. ನಮ್ಮ ಕಡೆ ಮುರಕಲ್ಲನ್ನು ಒಂದರ ಮೇಲೊಂದು ಪೇರಿಸಿ ಕಾರು ನಿಲ್ಲಿಸುವವರಿದ್ದಾರೆ. ನೀರು ಕುಡಿದ ಮುರಕಲ್ಲು ಅಂಚಿನಲ್ಲಿ ಹೇಗೆ ಪುಡಿಯಾಗುತ್ತದೆ ಎಂಬುದನ್ನು ಕಟ್ಟೆ ಕಟ್ಟಿದವರು ಯಾರೂ ಮರೆಯಬಾರದು. ರಟ್ಟನ್ನು ಅಡಿಯಿಂದ ಒತ್ತಿ ಹಿಡಿದರೆ ಬೋಲ್ಟಿನ ಸ್ಥಾನ ಕಾಣುವುದಿಲ್ಲ, ಕಂಡರೆ ಗುರುತು ಹಾಕಲು ಕೈ ಇರುವುದಿಲ್ಲ. ಇದಕ್ಕೆ ಹೊಳೆದ ಉಪಾಯವೆಂದರೆ ಗ್ರೀಸಿಗೆ ಕುಂಕುಮ ಕಲಸಿ, ಬೋಲ್ಟುಗಳ ತುದಿಗೂ ಚೇಂಬರಿನ ಅತಿ ತಗ್ಗಾದ ಅಂಚಿಗೂ ಸವರಿ, ರಟ್ಟನ್ನು ಒಮ್ಮೆ ಒತ್ತಿ ತೆಗೆಯುವುದು. ಇಳಿಸಿ ನೋಡಿದಾಗ ಎಂಟು ಕೆಂಪು ಬೊಟ್ಟುಗಳೂ ಒಂದು ಅರ್ಧಚಂದ್ರವೂ ಅಚ್ಚಾಗಿದ್ದವು. ಅಳತೆಪಟ್ಟಿ ಹಿಡಿದು ಅರ್ಧ ದಿನ ಮಾಡಿದ ಲೆಕ್ಕಕ್ಕಿಂತ ಆ ಅಚ್ಚು ಸರಿಯಾಗಿತ್ತು ಎಂದು ಗಣಿತ ಕಲಿಸುವವನು ಒಪ್ಪಿಕೊಳ್ಳಬೇಕಾಗಿದೆ.

ಮೊದಲ ತಟ್ಟೆಯನ್ನು ಅಂಗಡಿ ಬೋರ್ಡುಗಳಿಗೆ ಬಳಸುವ ಎಸಿಪಿ ಹಲಗೆಯಿಂದ ಮಾಡಿದೆ. ಅಗ್ಗ, ಹಗುರ, ಚಾಕುವಿನಿಂದ ಗೀರು ಹಾಕಿದರೆ ಅಂದವಾಗಿ ಮಡಚಿಕೊಳ್ಳುತ್ತದೆ. ಒಂದು ಭಾನುವಾರದಲ್ಲಿ ಕೆಲಸ ಮುಗಿಯಿತು. ಅದು ಬಾಳಿದ್ದು ಎರಡು ವಾರ. ಎಸಿಪಿ ಎಂದರೆ ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಇರುವ ಪಾಲಿಥೀನ್. ಟರ್ಬೊದಿಂದ ಇಳಿದು ಹಿಂದಕ್ಕೆ ಹೋಗುವ ಸೈಲೆನ್ಸರ್ ಪೈಪು ಎಲ್ಲಿ ಹತ್ತಿರವಾಗಿತ್ತೋ ಅಲ್ಲಿ ಆ ಪಾಲಿಥೀನ್ ಮೆತ್ತಗಾಗಿ, ಹಪ್ಪಳದಂತೆ ಮೇಲ್ಪದರ ಉಬ್ಬಿತು. ಆ ವಸ್ತುವಿಗೆ ಬೆಂಕಿಯೂ ಹಿಡಿಯಬಲ್ಲದು ಎಂದು ಯೋಚಿಸಿ ಕಳಚಬೇಕೆಂದಿರುವಾಗಲೇ ಜೂನ್ ತಿಂಗಳ ಮಳೆ ಆ ಕೆಲಸವನ್ನು ತಾನೇ ಮಾಡಿತು. ಕುಂಬಳೆ ಕಡೆಯ ರಸ್ತೆಯಲ್ಲಿ ನಿಂತ ನೀರಿಗೆ ನಲವತ್ತರ ವೇಗದಲ್ಲಿ ನುಗ್ಗಿದೆ. ತಟ್ಟೆಯ ಮುಂದಂಚು ಸೌಟಿನಂತೆ ನೀರನ್ನು ಬಾಚಿಕೊಂಡಿತು. ಬೋಲ್ಟುಗಳು ಇದ್ದಲ್ಲೇ ಇದ್ದವು, ಹಲಗೆ ಮಾತ್ರ ಅವುಗಳ ತಲೆಯಿಂದ ಹರಿದುಕೊಂಡು ರಸ್ತೆಗೆ ಬಿತ್ತು.

ಆ ತುಂಡನ್ನು ಡಿಕ್ಕಿಯಲ್ಲಿ ಹಾಕಿ ಮನೆಗೆ ತಂದು, ಅಂಗಳದ ಬದಿಯಲ್ಲಿ ನಿಂತು ಮನೆಯ ಹೆಂಚಿನ ಮಾಡಿನತ್ತ ನೋಡಿದಾಗ ತಪ್ಪು ತಿಳಿಯಿತು. ಹೆಂಚು ಹೊದಿಸುವಾಗ ನೀರು ಬರುವ ದಿಕ್ಕಿನ ಹೆಂಚು ಮುಂದಿನ ಹೆಂಚಿನ ಅಂಚನ್ನು ಹೊರಗಿನಿಂದ ಮುಚ್ಚಬೇಕು. ಕಾರಿನ ಅಡಿಯಲ್ಲಿ ಗಾಳಿಯೂ ನೀರೂ ಬರುವುದು ಮುಂದಿನಿಂದ, ಹೊರಗೆ ಎಂದರೆ ಇಲ್ಲಿ ನೆಲದ ಕಡೆ. ಹಾಗಾಗಿ ಬಂಪರಿನ ಕೆಳತುಟಿ ತಟ್ಟೆಯ ಮುಂದಂಚನ್ನು ಕೆಳಗಿನಿಂದ ಮುಚ್ಚಿರಬೇಕು. ನಾನು ತುಟಿಯ ಕೆಳಗೆ ತಟ್ಟೆಯನ್ನು ಬಿಗಿದು, ಮಾಡನ್ನು ತಲೆಕೆಳಗಾಗಿ ಹೊದಿಸಿದ್ದೆ. ಅದೇ ಹೊತ್ತಿಗೆ ಅಡಕೆ ಕೊಯ್ಲಿನವರು ತಲೆಗೆ ಮುಟ್ಟಾಳೆ, ಎಂದರೆ ಅಡಕೆ ಹಾಳೆಯ ಟೋಪಿ, ಇಟ್ಟುಕೊಂಡು ತೋಟದಿಂದ ಬಂದರು. ಮುಟ್ಟಾಳೆ ತಲೆಗೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಗೊನೆ ಬಿದ್ದರೆ ಜಾರಿಹೋಗುತ್ತದೆ, ಬೆವರಿದರೆ ಗಾಳಿ ಆಡುತ್ತದೆ. ನನಗೆ ಬೇಕಾದದ್ದು ಅಂಥದ್ದು.

ಎರಡನೆಯ ತಟ್ಟೆಗೆ ತಗಡು ತರಲು ಮಂಗಳೂರಿನ ಬಂದರಿಗೆ ಹೋದೆ. ಅಂಗಡಿಯವರು ಮೊದಲು ತೋರಿಸಿದ್ದು 6061 ಟಿ-6 ಎಂಬ ಜಾತಿಯ ಅಲ್ಯೂಮಿನಿಯಂ. ಗಟ್ಟಿ ಎಂದು ಹೊಗಳಿದರು. ಜತೆಗೆ 5052 ಎಂಬ ಜಾತಿಯ ತುಣುಕನ್ನೂ ಕೇಳಿ ಪಡೆದೆ. ಇದು ದೋಣಿಗಳಿಗೂ ಬಳಸುವಂಥದ್ದು, ಉಪ್ಪುನೀರಿಗೆ ಬೇಗ ಸೋಲುವುದಿಲ್ಲ. ಬದಿಯಡ್ಕದಲ್ಲಿ ಗೇಟು, ಶೀಟಿನ ಮಾಡು ಮಾಡಿಕೊಡುವ ಒಬ್ಬರ ಶೆಡ್ಡಿನಲ್ಲಿ ಎರಡು ತುಣುಕುಗಳನ್ನೂ ಮಡಚಿ ನೋಡಿದೆವು. 6061 ಚೂಪು ಅಂಚಿನ ಮೇಲೆ ಮಡಚುತ್ತಿದ್ದಂತೆಯೇ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. “ಮಾಷ್ಟ್ರೆ, ಇದು ಬಗ್ಗುವ ಜಾತಿಯದ್ದಲ್ಲ” ಎಂದು ಅವರು ಅದನ್ನು ಪಕ್ಕಕ್ಕೆ ಎಸೆದರು. 5052ನ್ನು ಹತ್ತು ಮಿಲಿಮೀಟರಿನ ಸರಳಿನ ಮೇಲೆ, ತಗಡಿನ ಎಳೆಗೆ ಅಡ್ಡವಾಗಿ ಬಗ್ಗಿಸಿದಾಗ ಬಾಳೆಲೆಯನ್ನು ಬಾಡಿಸಿ ಮಡಚಿದಂತೆ ಮಡಚಿಕೊಂಡಿತು. ತಗಡನ್ನು ಉರುಳೆಯಲ್ಲಿ ಎಳೆದ ದಿಕ್ಕಿನ ಸಣ್ಣ ಗೆರೆಗಳು ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತವೆ. ಮಡಿಕೆ ಆ ಗೆರೆಗಳನ್ನು ಕತ್ತರಿಸುವಂತೆ ಬಂದರೆ ಬಿರುಕಿನ ಭಯ ಕಡಿಮೆ.

ಕತ್ತರಿಸುವಾಗ ಇನ್ನೊಂದು ಪಾಠ ಕಾದಿತ್ತು. ಗ್ರೈಂಡರಿನ ಕಲ್ಲಿನ ಚಕ್ರಕ್ಕೆ ಅಲ್ಯೂಮಿನಿಯಂ ಕರಗಿ ಮೆತ್ತಿಕೊಳ್ಳುತ್ತದೆ. ಚಕ್ರ ಕತ್ತರಿಸುವುದನ್ನು ಬಿಟ್ಟು ಬರೀ ಬಿಸಿಯಾಗುತ್ತದೆ, ಬಿಸಿಯಾದ ಚಕ್ರ ಒಡೆಯಲೂಬಹುದು. ಆದ್ದರಿಂದ ಜಿಗ್‌ಸಾ ಗರಗಸಕ್ಕೆ ಬದಲಾದೆ. ಹಲ್ಲುಗಳಿಗೆ ಚೂರು ಅಂಟದಂತೆ ಸೀಮೆಎಣ್ಣೆ ಅಥವಾ ಮೇಣದಬತ್ತಿ ಸವರುವುದು ರೂಢಿ. ಎರಡೂ ಕೈಗೆ ಸಿಗದೆ ತೆಂಗಿನೆಣ್ಣೆ ಸವರಿದೆ. ಕೆಲಸ ಚೆನ್ನಾಗಿಯೇ ಆಯಿತು, ಆದರೆ ಶೆಡ್ಡಿನಲ್ಲಿ ಸಂಜೆಯವರೆಗೂ ಹಲಸಿನಕಾಯಿ ಚಿಪ್ಸ್ ಕರಿಯುವ ವಾಸನೆ ಇತ್ತು.

ತಟ್ಟೆಯನ್ನು ಹಿಂದೆ ಸಬ್‌ಫ್ರೇಮಿನ ನಾಲ್ಕು ಕಡೆ ಗಟ್ಟಿಯಾಗಿಯೂ, ಮುಂದೆ ರೇಡಿಯೇಟರಿನ ಕೆಳಪಟ್ಟಿಯ ನಾಲ್ಕು ಕಡೆ ಸಡಿಲವಾಗಿಯೂ ಕೂರಿಸಿದೆ. ಮುಂದಿನ ತೂತುಗಳು ದುಂಡಗಿಲ್ಲ, ಹಿಂದೆ ಮುಂದೆ ಸರಿಯುವಂತೆ ಉದ್ದಕ್ಕಿವೆ. ಪ್ರತಿಯೊಂದರಲ್ಲೂ ರಬ್ಬರಿನ ಬುಷ್ ಇದೆ. ತಟ್ಟೆ ಎಂಜಿನ್ನಿಗೆ ಎಲ್ಲಿಯೂ ತಾಗುವಂತಿಲ್ಲ, ಏಕೆಂದರೆ ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ತೂಗಾಡುತ್ತದೆ. ಚೇಂಬರಿಗೂ ತಟ್ಟೆಗೂ ನಡುವೆ 20 ಮಿಲಿಮೀಟರ್, ಸೈಲೆನ್ಸರ್ ಪೈಪಿಗೂ ತಟ್ಟೆಗೂ ನಡುವೆ 40 ಮಿಲಿಮೀಟರ್ ಬಿಟ್ಟಿದ್ದೇನೆ. ಬೋಲ್ಟುಗಳು ಆರು ಮಿಲಿಮೀಟರಿನವು, ಅಡಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಅಗಲವಾದ ವಾಷರ್. ಮೊದಲ ತಟ್ಟೆ ಹರಿದದ್ದೇ ಸಣ್ಣ ವಾಷರಿನಿಂದ. ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿಗೆ ನೇರವಾಗಿ ತಾಗಿ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನನ್ನ ಶಾಲೆ ಕಡಲಿನಿಂದ ಕೂಗಳತೆಯ ದೂರದಲ್ಲಿರುವುದರಿಂದ ಎರಡರ ನಡುವೆ ನೈಲಾನ್ ವಾಷರ್ ಇಟ್ಟೆ. ನೆಲದ ಕಡೆಗೆ ತರಕಾರಿ ಹಚ್ಚುವ ದಪ್ಪ ಪ್ಲಾಸ್ಟಿಕ್ ಮಣೆಯಿಂದ ಕೊಯ್ದ ಎರಡು ಪಟ್ಟಿಗಳನ್ನು ಜಾರುಕಾಲುಗಳಂತೆ ತಿರುಪು ಹಾಕಿ ಕೂರಿಸಿದ್ದೇನೆ. ಕಲ್ಲಿಗೆ ಉಜ್ಜಿದರೆ ಸವೆಯುವುದು ಅವು, ತಗಡಲ್ಲ. ಇವೆಲ್ಲ ಸೇರಿ ನೆಲದ ಅಂತರ ಇನ್ನೂ ಕಡಿಮೆಯಾಯಿತು. ಕಲ್ಲು ತಾಗುವುದು ಹಿಂದಿಗಿಂತ ಹೆಚ್ಚು, ಗಾಯವಾಗುವುದು ಮಾತ್ರ ನಿಂತಿದೆ.

ತಟ್ಟೆ ಮಾಡಲು ಎರಡು ದಿನ ಸಾಕಾಯಿತು. ಅದರಲ್ಲಿ ಎಲ್ಲೆಲ್ಲಿ ತೂತು ಬೇಕೆಂದು ತಿಳಿಯಲು ಮೂರು ತಿಂಗಳು ಹಿಡಿಯಿತು. ರೇಡಿಯೇಟರಿನ ಮೂಲಕ ಒಳಬಂದ ಗಾಳಿ ಹೊರಹೋಗುವುದು ಬಹುಪಾಲು ಎಂಜಿನ್ನಿನ ಅಡಿಯಿಂದ. ಆ ದಾರಿಯನ್ನು ಮುಚ್ಚಿದರೆ ಒಳಗೆ ಗಾಳಿಯ ಒತ್ತಡ ಏರಿ, ಹೊಸ ಗಾಳಿಗೆ ರೇಡಿಯೇಟರಿನಲ್ಲಿ ನುಗ್ಗಲು ಮನಸ್ಸೇ ಇರುವುದಿಲ್ಲ. ಇದನ್ನು ಪುಸ್ತಕದಿಂದ ತಿಳಿದಿದ್ದೆ, ಆದರೂ ಮೊದಲು ಪೂರ್ತಿ ಮುಚ್ಚಿದ ತಟ್ಟೆಯನ್ನೇ ಹಾಕಿದೆ. ನೋಡಲು ಅದೇ ಚೆಂದವಾಗಿತ್ತು. ಕಾರಿನ ಕಂಪ್ಯೂಟರಿನ ಮಾಹಿತಿ ಕೊಡುವ ಓಬಿಡಿ ಸಾಕೆಟ್ಟಿಗೆ ಸಣ್ಣ ಸಾಧನ ಸಿಕ್ಕಿಸಿ ಮೊಬೈಲಿನಲ್ಲಿ ಎಂಜಿನ್ನನ್ನು ತಂಪಾಗಿಡುವ ದ್ರವದ, ಎಂದರೆ ಕೂಲಂಟಿನ, ಉಷ್ಣತೆಯನ್ನು ನೋಡುತ್ತ ಕುಂಬಳೆಯಿಂದ ಸೀತಾಂಗೋಳಿಯ ಏರು ಹತ್ತಿದೆ. ತಟ್ಟೆಯಿಲ್ಲದಾಗ 93 ಡಿಗ್ರಿಯ ಆಸುಪಾಸಿನಲ್ಲಿದ್ದದ್ದು, ಅದೇ ಏರಿನಲ್ಲಿ, ಅದೇ ಮಧ್ಯಾಹ್ನದ ಬಿಸಿಲಿನಲ್ಲಿ 101ಕ್ಕೆ ಹೋಯಿತು. ಫ್ಯಾನು ನಿಲ್ಲಲೇ ಇಲ್ಲ.

ಹಿಂದಂಚನ್ನು ಒಂದು ಗೇಣಿನಷ್ಟು ಮೊಟಕು ಮಾಡಿದೆ. ಬಳಿಕ ಎರಡೂ ಬದಿಗಳಲ್ಲಿ ಐದೈದು ಸೀಳು ಹಾಕಿ, ಪ್ರತಿ ಸೀಳಿನ ಮುಂದಿನ ಲೋಹವನ್ನು ಮರದ ಅಚ್ಚಿನ ಮೇಲೆ ಸುತ್ತಿಗೆಯಿಂದ ಬಡಿದು ಕೆಳಕ್ಕೆ ಉಬ್ಬಿಸಿದೆವು. ಮೀನಿನ ಕಿವಿರಿನ ಹಾಗೆ ಬಾಯಿ ಹಿಂದಕ್ಕೆ ತೆರೆದಿರಬೇಕು. ಮುಂದಕ್ಕೆ ತೆರೆದರೆ ರಸ್ತೆಯ ಕೆಸರನ್ನೆಲ್ಲ ಒಳಕ್ಕೆ ಕುಡಿಸಿದಂತಾಗುತ್ತದೆ. ಅಡಿಯಲ್ಲಿ ಓಡುವ ಗಾಳಿಯೇ ಒಳಗಿನ ಬಿಸಿ ಗಾಳಿಯನ್ನು ಆ ಬಾಯಿಗಳಿಂದ ಎಳೆದುಕೊಳ್ಳುತ್ತದೆ. ಉಬ್ಬುಗಳು ದಿಣ್ಣೆಗೆ ತಾಗದಿರಲೆಂದು ಅವನ್ನು ಮಧ್ಯದಲ್ಲಿ ಹಾಕದೆ ಚಕ್ರಗಳ ನೇರಕ್ಕೆ ಹಾಕಿದೆ. ಮತ್ತೆ ಅದೇ ಏರು ಹತ್ತಿದಾಗ 95 ದಾಟಲಿಲ್ಲ. ಇದರಿಂದ ಕಾರು ರೇಸಿನ ಕಾರಿನಂತೆ ನೆಲಕ್ಕೆ ಅಂಟಿಕೊಂಡಿತೇ ಎಂದು ಕೇಳುವ ಗೆಳೆಯರಿಗೆ ನಾನು ಕೊಡುವ ಉತ್ತರ, ಹೆದ್ದಾರಿಯಲ್ಲಿ ತಲಪಾಡಿಯವರೆಗೆ ಹೋಗುವಾಗ ಅಡಿಯ ಗಾಳಿಯ ಮೊರೆತ ಸ್ವಲ್ಪ ಕಡಿಮೆಯಾಗಿದೆ ಎಂಬುದಷ್ಟೆ. ನಾವು ಓಡಿಸುವ ವೇಗದಲ್ಲಿ ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾದೀತು.

ನೀರಿಗಾಗಿ ತಗ್ಗಿನ ಜಾಗಗಳಲ್ಲಿ ಎಂಟು ಮಿಲಿಮೀಟರಿನ ತೂತುಗಳು ಇವೆ. ಎಣ್ಣೆ ಇಳಿಸುವ ಬೋಲ್ಟಿನ ನೇರಕ್ಕೆ ಅಂಗೈಯಗಲದ ಕಿಂಡಿ, ಅದಕ್ಕೆ ಎರಡು ತಿರುಪಿನ ಮುಚ್ಚಳ. ಮಳೆಗಾಲದಲ್ಲಿ ಒಣಗಿದ ಎಲೆ ಸೇರುತ್ತದೆ. ಬಿಸಿ ಪೈಪಿನ ಹತ್ತಿರ ಎಣ್ಣೆ ಹೀರಿದ ಎಲೆಯಿರುವುದು ಒಳ್ಳೆಯದಲ್ಲ, ಆದ್ದರಿಂದ ತಿಂಗಳಿಗೊಮ್ಮೆ ತಟ್ಟೆಯನ್ನು ಇಳಿಸಿ ತೊಳೆಯುತ್ತೇನೆ. ಒಮ್ಮೆ ಅಡಕೆ ಸಿಪ್ಪೆಯ ಇಲಿಗೂಡೇ ಸಿಕ್ಕಿತು. ಇಲಿಜ್ವರದ ಸುದ್ದಿ ಪ್ರತಿ ಮಳೆಗಾಲದಲ್ಲೂ ಕೇಳುವ ಜಿಲ್ಲೆಯಲ್ಲಿ ಬರಿಗೈಯಿಂದ ಅದನ್ನು ಬಾಚಬಾರದೆಂದು, ಆಮೇಲೆ ಕೈಗವಸು ಇಟ್ಟುಕೊಂಡಿದ್ದೇನೆ.

ಈ ತಟ್ಟೆಯ ದೊಡ್ಡ ದೋಷ ನನಗೆ ತಡವಾಗಿ ತಿಳಿಯಿತು. ಮೊದಲ ಪೆಟ್ಟಿನ ಸುದ್ದಿ ಕೊಟ್ಟದ್ದು ಅಂಗಳಕ್ಕೆ ಬಿದ್ದ ಆ ಎಣ್ಣೆಯ ಬೊಟ್ಟು. ಈಗ ಎಣ್ಣೆ ಸೋರಿದರೂ ಅದು ತಟ್ಟೆಯೊಳಗೇ ಹರಡಿಕೊಳ್ಳುತ್ತದೆ, ಅಂಗಳ ಶುಭ್ರವಾಗಿರುತ್ತದೆ, ಅಮ್ಮ ಸುಮ್ಮನಿರುತ್ತಾರೆ. ಅದಕ್ಕಾಗಿ ಚೇಂಬರಿನ ನೇರಕ್ಕೆ ತಟ್ಟೆಯ ಒಳಮೈಗೆ ಬಿಳಿ ಬಣ್ಣದ ಪಟ್ಟೆ ಬಳಿದು, ಕಿಂಡಿಯಿಂದ ಟಾರ್ಚು ಬಿಟ್ಟು ನೋಡುವ ಅಭ್ಯಾಸ ಮಾಡಿಕೊಂಡೆ. ಕಳೆದ ತಿಂಗಳು ಆ ಪಟ್ಟೆಯ ಮೇಲೆ ಕಂದು ಬಣ್ಣದ ಕಲೆ ಕಂಡು, ಎದೆ ಧಸಕ್ಕೆಂದು, ಎಂಟೂ ಬೋಲ್ಟು ಬಿಚ್ಚಿ ತಟ್ಟೆಯನ್ನು ಇಳಿಸಿದೆ. ಬೆರಳಿನಿಂದ ಉಜ್ಜಿದರೆ ಜಿಡ್ಡಿಲ್ಲ, ಮೂಸಿದರೆ ಎಣ್ಣೆಯ ವಾಸನೆಯಿಲ್ಲ. ಇಲಿ ಮತ್ತೆ ಹೊತ್ತು ತಂದಿದ್ದ ಸಿಪ್ಪೆಯಿಂದ ಇಳಿದ ಅಡಕೆಯ ಚೊಗರು ಅದು.